ಕೊಡಗಿನಲ್ಲಿ ಕಪ್ಪು-ಬಿಳುಪು ರೀಲು: ಫೋಟೊ ತೆಗೆಯುವುದರಿಂದ ಸ್ಕ್ಯಾನ್ ಮಾಡುವವರೆಗೆ

"ಅಜ್ಜನ ಕ್ಯಾಮೆರಾ ಅಟ್ಟದಲ್ಲಿ ಸಿಕ್ಕಿತು, ಇದಕ್ಕೆ ಈಗಲೂ ರೀಲು ಸಿಗುತ್ತದೆಯೇ?" "ತೋಟದಲ್ಲಿ ತೆಗೆದ ಫೋಟೊಗಳೆಲ್ಲ ಕಪ್ಪಗೆ ಬಂದಿವೆ, ಯಾಕೆ?" "ಸ್ಕ್ಯಾನ್ ಮಾಡಿದರೆ ಚಿತ್ರ ಬರೀ ಬೂದಿ ಬಣ್ಣ, ಏನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಹಾಗಾಗಿ ರೀಲು ಕೊಳ್ಳುವುದರಿಂದ ಹಿಡಿದು ಕಂಪ್ಯೂಟರಿಗೆ ಚಿತ್ರ ಬರುವವರೆಗಿನ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಫಿಲ್ಮ್ ಬಗ್ಗೆ ಓದಲು ಬೇಕಾದಷ್ಟಿದೆ. ಆದರೆ ಅದರಲ್ಲಿ ಹೆಚ್ಚಿನದು ನಮ್ಮ ಮಳೆ, ನಮ್ಮ ತೋಟ ನೋಡಿ ಬರೆದದ್ದಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬೆಳಗ್ಗೆ ಮಂಜು. ಕಾಫಿ ತೋಟದೊಳಗೆ ಮಧ್ಯಾಹ್ನ 12 ಗಂಟೆಗೂ ನೆರಳು. ಈ ಜಾಗಕ್ಕೆ ಎರಡು ಮಾತು ಮುಖ್ಯ: ನೆರಳಿಗೆ ಬೆಳಕು ಜಾಸ್ತಿ ಕೊಡಿ, ಫಿಲ್ಮನ್ನು ತೇವದಿಂದ ದೂರ ಇಡಿ. ಉಳಿದದ್ದೆಲ್ಲ ಅಭ್ಯಾಸದಿಂದ ಬರುತ್ತದೆ.

ಏನೇನು ಬೇಕು

ಮೊದಲು ಕ್ಯಾಮೆರಾ. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ10, ಯಾಶಿಕಾ ಎಫ್‌ಎಕ್ಸ್-3 ಥರದ್ದು ಇದ್ದರೆ ಒಳ್ಳೆಯದು. ಇವುಗಳ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಪರದೆ, ಪೂರ್ತಿ ಮೆಕ್ಯಾನಿಕಲ್. ಸೆಲ್ ಸತ್ತರೂ ಫೋಟೊ ತೆಗೆಯಬಹುದು, ಬೆಳಕು ಅಳೆಯುವ ಮೀಟರ್ ಮಾತ್ರ ನಿಲ್ಲುತ್ತದೆ. ಮನೆಯಲ್ಲಿ ಸಿಕ್ಕಿದ್ದು ಆಗ್ಫಾ ಕ್ಲಿಕ್ 3 ಆಗಿದ್ದರೆ ಅದಕ್ಕೆ 35 ಎಂಎಂ ರೀಲು ಹೊಂದುವುದಿಲ್ಲ. ಅಗಲದ 120 ರೀಲು ಬೇಕು. ಅದೂ ಈಗ ಸಿಗುತ್ತದೆ.

ಹಳೆ ಕ್ಯಾಮೆರಾಕ್ಕೆ ರೀಲು ಹಾಕುವ ಮೊದಲು ಮೂರು ಕಡೆ ನೋಡಿ. ಹಿಂದಿನ ಬಾಗಿಲು ತೆರೆದು, ಶಟರ್ ಅನ್ನು "ಬಿ"ಗೆ ಇಟ್ಟು ಒತ್ತಿ ಹಿಡಿದು, ಲೆನ್ಸಿನೊಳಗೆ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಕೊಡಗಿನಲ್ಲಿ ಚರ್ಮದ ಕೇಸಿನೊಳಗೆ ವರ್ಷಗಟ್ಟಲೆ ಕೂತ ಲೆನ್ಸಿಗೆ ಇದು ಹಿಡಿಯದೆ ಇರುವುದು ಅಪರೂಪ. ಅಂಚಿನಲ್ಲಿ ಸ್ವಲ್ಪ ಇದ್ದರೆ ಚಿತ್ರಕ್ಕೆ ಅಷ್ಟೇನೂ ತೊಂದರೆಯಿಲ್ಲ, ನಡುವೆ ಹರಡಿದ್ದರೆ ರಿಪೇರಿಯವರಿಗೆ ಕೊಡಿ. ಎರಡನೆಯದು, ಬಾಗಿಲಿನ ಅಂಚಿನ ಕಪ್ಪು ಸ್ಪಂಜು. ಅದು ಅಂಟಂಟಾಗಿ ಕೈಗೆ ಬಂದರೆ ಬೆಳಕು ಒಳಗೆ ಸೋರುತ್ತದೆ, ಬದಲಾಯಿಸಬೇಕು. ಮೂರನೆಯದು ಶಟರ್. 1 ಸೆಕೆಂಡ್, 1/30, 1/500 ಇಟ್ಟು ಒತ್ತಿ ನೋಡಿ. ಸದ್ದಿನಲ್ಲಿ ವ್ಯತ್ಯಾಸ ಕಿವಿಗೇ ಗೊತ್ತಾಗಬೇಕು.

ಇನ್ನು ರೀಲು. ಡಬ್ಬದ ಮೇಲಿನ 100, 400 ಅನ್ನುವ ಸಂಖ್ಯೆ ಐಎಸ್‌ಒ, ಅಂದರೆ ಫಿಲ್ಮಿಗೆ ಬೆಳಕು ಎಷ್ಟು ಬೇಗ ತಾಗುತ್ತದೆ ಅನ್ನುವ ಅಳತೆ. ಕೊಡಗಿಗೆ 400ರ ರೀಲೇ ಸರಿ. ಇಲ್ಫರ್ಡ್ ಎಚ್‌ಪಿ5 ಪ್ಲಸ್, ಕೊಡಕ್ ಟ್ರೈ-ಎಕ್ಸ್ 400, ಕೆಂಟ್‌ಮಿಯರ್ 400, ಫೋಮಾಪ್ಯಾನ್ 400 ಎಲ್ಲವೂ ನಡೆಯುತ್ತವೆ. ಶುರು ಮಾಡುವವರಿಗೆ ನನ್ನ ಸಲಹೆ ಎಚ್‌ಪಿ5 ಪ್ಲಸ್. ಬೆಳಕು ಹೆಚ್ಚುಕಮ್ಮಿಯಾದರೂ ಅದು ಸಹಿಸಿಕೊಳ್ಳುತ್ತದೆ. ಒಂದೇ ರೀಲನ್ನು ಬಿಡದೆ ಬಳಸಿ. ಪ್ರತಿ ಸಲ ಬೇರೆ ರೀಲು ಹಾಕಿದರೆ ತಪ್ಪು ನಿಮ್ಮದೋ ಫಿಲ್ಮಿನದೋ ಗೊತ್ತಾಗುವುದೇ ಇಲ್ಲ.

ಎಚ್ಚರಿಕೆ: ಇಲ್ಫರ್ಡ್ ಎಕ್ಸ್‌ಪಿ2 ಸೂಪರ್ ಕೂಡ ಕಪ್ಪು-ಬಿಳುಪೇ. ಆದರೆ ಅದನ್ನು ತೊಳೆಯುವುದು, ಅಂದರೆ ಡೆವಲಪ್ ಮಾಡುವುದು, ಕಲರ್ ಫಿಲ್ಮಿನ ಸಿ-41 ರಾಸಾಯನಿಕದಲ್ಲಿ. ಮನೆಯಲ್ಲಿ ತೊಳೆಯುವ ಆಸೆ ಇದ್ದರೆ ಅದನ್ನು ಕೊಳ್ಳಬೇಡಿ.

ಹಂತ 1: ರೀಲು ಹಾಕುವುದು

ನೆರಳಿನಲ್ಲಿ ನಿಂತು ಹಾಕಿ. ರೀಲು ಫ್ರಿಜ್‌ನಲ್ಲಿ ಇತ್ತೆಂದರೆ ಡಬ್ಬ ತೆರೆಯದೆ ಎರಡು ಮೂರು ಗಂಟೆ ಹೊರಗಿಡಿ. ಮಳೆಗಾಲದ ಹವೆಯಲ್ಲಿ ತಣ್ಣಗಿನ ಫಿಲ್ಮನ್ನು ತಕ್ಷಣ ತೆರೆದರೆ ಅದರ ಮೇಲೆ ನೀರಿನ ಹನಿ ಕೂರುತ್ತದೆ.

ಫಿಲ್ಮಿನ ನಾಲಿಗೆಯನ್ನು ಬಲಗಡೆಯ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಲಿವರ್ ಒಮ್ಮೆ ಎಳೆಯಿರಿ. ಮೇಲಿನ ಮತ್ತು ಕೆಳಗಿನ ಎರಡೂ ಸಾಲಿನ ತೂತುಗಳಿಗೆ ಹಲ್ಲು ಕೂತಿದ್ದರೆ ಮಾತ್ರ ಬಾಗಿಲು ಮುಚ್ಚಿ. ಮುಚ್ಚಿದ ಮೇಲೆ ಎಡಗಡೆಯ ರಿವೈಂಡ್ ಗುಂಡಿಯನ್ನು ಮೆಲ್ಲಗೆ ಬಿಗಿ ಮಾಡಿ. ಮುಂದೆ ಲಿವರ್ ಎಳೆದಾಗಲೆಲ್ಲ ಆ ಗುಂಡಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಸಿಕ್ಕಿಕೊಂಡಿಲ್ಲ. 36 ಫೋಟೊ ತೆಗೆದಾದ ಮೇಲೆ ಖಾಲಿ ರೀಲು ಕೈಗೆ ಬರುವುದಕ್ಕೆ ಹೆಚ್ಚಿನ ಸಲ ಇದೊಂದೇ ಕಾರಣ.

ಹಂತ 2: ಬೆಳಕು ಅಳೆಯುವುದು

ನಮ್ಮ ಕಡೆಯ ರೀಲುಗಳು ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಎರಡು ಪದ ಮೊದಲು. ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ. ಎಫ್ 2, ಎಫ್ 4, ಎಫ್ 8 ಅಂತ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಸ್ಟಾಪ್ ಅಂದರೆ ಬೆಳಕನ್ನು ಎರಡರಷ್ಟು ಮಾಡುವ ಅಥವಾ ಅರ್ಧ ಮಾಡುವ ಒಂದು ಮೆಟ್ಟಿಲು. ಶಟರ್ 1/125 ಸೆಕೆಂಡಿನಿಂದ 1/60ಕ್ಕೆ ಬಂದರೆ ಒಂದು ಸ್ಟಾಪ್ ಬೆಳಕು ಜಾಸ್ತಿ.

ಡಿಸೆಂಬರ್-ಜನವರಿಯ ಸ್ವಚ್ಛ ಬಿಸಿಲಿನಲ್ಲಿ ಮೀಟರ್ ಇಲ್ಲದೆಯೂ ಕೆಲಸ ಸಾಗುತ್ತದೆ. ಎಫ್ 16 ಇಟ್ಟು, ಶಟರನ್ನು ಐಎಸ್‌ಒಗೆ ಹತ್ತಿರದ ಸಂಖ್ಯೆಗೆ ಇಡಿ. 400ರ ರೀಲಿಗೆ 1/500. ಕಾಫಿ ಹರಡಿದ ಕಣಕ್ಕೆ, ಗದ್ದೆಗೆ, ಬಯಲಿಗೆ ಇದು ಸರಿ. ಮೋಡ ಪೂರ್ತಿ ಮುಚ್ಚಿದ್ದರೆ ಎಫ್ 5.6. ತೆರೆದ ಜಾಗದ ನೆರಳಿಗೆ ಎಫ್ 4. ಸಿಲ್ವರ್ ಓಕ್, ಹಲಸು, ಕಾಡುಮರಗಳ ದಟ್ಟ ನೆರಳಿನ ತೋಟದೊಳಗೆ ಹೋದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅಲ್ಲಿ ಎಫ್ 4ಕ್ಕೆ 1/60 ಬೇಕಾಗಬಹುದು. ನಮ್ಮ ಕಣ್ಣು ಅಷ್ಟರಲ್ಲೇ ಹೊಂದಿಕೊಂಡು "ಬೆಳಕು ಚೆನ್ನಾಗಿದೆ" ಅನ್ನುತ್ತದೆ. ಫಿಲ್ಮಿಗೆ ಆ ಹೊಂದಾಣಿಕೆ ಗೊತ್ತಿಲ್ಲ.

ತೋಟದಲ್ಲಿ ಇನ್ನೊಂದು ತೊಡಕು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲ ಚುಕ್ಕೆಗಳನ್ನೂ ಮೇಲಿನ ಆಕಾಶದ ತುಣುಕನ್ನೂ ನೋಡಿ ಮೀಟರ್ ಮೋಸ ಹೋಗುತ್ತದೆ. ಬೆಳಕು ಧಾರಾಳವಿದೆ ಅಂದುಕೊಂಡು ಕಡಿಮೆ ಕೊಡುತ್ತದೆ. ಹಣ್ಣು ಕುಯ್ಯುತ್ತಿರುವವರ ಮುಖ ಕಪ್ಪಗಾಗುತ್ತದೆ. ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ತಿರುಗಿಸಿ, ಗಿಡದ ಬುಡದ ನೆರಳಿನ ಭಾಗ ಫ್ರೇಮಿನಲ್ಲಿ ತುಂಬುವಂತೆ ಮಾಡಿ ಮೀಟರ್ ಓದಿ. ಅದಕ್ಕಿಂತ ಒಂದು ಸ್ಟಾಪ್ ಕಮ್ಮಿ ಬೆಳಕಿಗೆ ಇಟ್ಟು, ಮತ್ತೆ ಚಿತ್ರಕ್ಕೆ ತಿರುಗಿ ಒತ್ತಿ. ಇದೆಲ್ಲ ತಲೆನೋವು ಅನಿಸಿದರೆ ಸುಲಭದ ದಾರಿ ಒಂದಿದೆ. 400ರ ರೀಲು ಹಾಕಿ ಕ್ಯಾಮೆರಾದ ಐಎಸ್‌ಒ ಡಯಲನ್ನು 200ಕ್ಕೆ ಇಡಿ. ಪ್ರತಿ ಚಿತ್ರಕ್ಕೂ ಒಂದು ಸ್ಟಾಪ್ ಬೆಳಕು ಜಾಸ್ತಿ ಸಿಗುತ್ತದೆ. ಕಪ್ಪು-ಬಿಳುಪು ನೆಗೆಟಿವ್‌ಗೆ ಬೆಳಕು ಸ್ವಲ್ಪ ಜಾಸ್ತಿಯಾದರೆ ಏನೂ ಕೆಡುವುದಿಲ್ಲ. ಕಡಿಮೆಯಾದರೆ ನೆರಳಿನ ಭಾಗದಲ್ಲಿ ಏನೂ ದಾಖಲಾಗುವುದಿಲ್ಲ, ಆಮೇಲೆ ಯಾವ ಸ್ಕ್ಯಾನರ್ ತಂದರೂ ಅದು ಬರುವುದಿಲ್ಲ.

ಮಂಜಿನದು ಬೇರೆ ಕಥೆ. ಮೀಟರಿಗೆ ಎದುರಿಗಿರುವುದು ಬಿಳಿಯೋ ಕಪ್ಪೋ ಗೊತ್ತಾಗುವುದಿಲ್ಲ. ಎಲ್ಲವನ್ನೂ ನಡು ಬೂದಿ ಅಂದುಕೊಂಡೇ ಅಳೆಯುತ್ತದೆ. ರಾಜಾಸೀಟಿನಲ್ಲೋ ಮಾಂದಲ್‌ಪಟ್ಟಿಯಲ್ಲೋ ಬೆಳಗಿನ ಮಂಜಿಗೆ ಮೀಟರ್ ಹೇಳಿದಷ್ಟೇ ಬೆಳಕು ಕೊಟ್ಟರೆ ಮಂಜು ಕೊಳೆ ನೀರಿನ ಬಣ್ಣಕ್ಕೆ ತಿರುಗುತ್ತದೆ. ಒಂದು ಸ್ಟಾಪ್ ಜಾಸ್ತಿ ಕೊಡಿ. ಹೂಮಳೆ ಬಿದ್ದ ಮೇಲೆ ತೋಟ ಪೂರ್ತಿ ಬೆಳ್ಳಗೆ ಅರಳಿದಾಗಲೂ ಇದೇ ಮಾತು. ಫ್ರೇಮಿನ ತುಂಬ ಹೂವಿದ್ದರೆ ಒಂದು ಸ್ಟಾಪ್ ಸೇರಿಸಿ. ಐಎಸ್‌ಒ ಮೊದಲೇ 200ಕ್ಕೆ ಇಟ್ಟಿದ್ದರೂ ಹೆದರಬೇಡಿ, ಎಚ್‌ಪಿ5 ಎರಡು ಸ್ಟಾಪ್ ಹೆಚ್ಚನ್ನು ತಡೆದುಕೊಳ್ಳುತ್ತದೆ.

ತೋಟದ ಚಿತ್ರಕ್ಕೆ ಅತಿ ಒಳ್ಳೆಯ ಬೆಳಕು ಯಾವುದು ಅಂದರೆ, ಮಳೆ ಈಗಷ್ಟೇ ನಿಂತು ಮೋಡ ತೆಳುವಾಗಿರುವ ಹೊತ್ತು. ಚುಕ್ಕೆ ಬಿಸಿಲು ಇರುವುದಿಲ್ಲ, ಎಲೆಗಳು ಹೊಳೆಯುತ್ತವೆ, ಮುಖದ ಮೇಲೆ ಬೆಳಕು ಸಮವಾಗಿ ಬೀಳುತ್ತದೆ. ಐನ್‌ಮನೆಯ (ಕೊಡವ ಮನೆತನದ ಹಿರಿಮನೆಯ) ಕೈಯಾಲೆಯೂ, ಅಂದರೆ ಮುಂದಿನ ಕಂಬಗಳ ಜಗಲಿಯೂ ಅಷ್ಟೇ ಚೆನ್ನ. ಹಿರಿಯರನ್ನು ಅಲ್ಲಿ ಅಂಚಿಗೆ ಕೂರಿಸಿದರೆ ಬೆಳಕು ಪಕ್ಕದಿಂದ ಬರುತ್ತದೆ. ಕೇಳಿಯೇ ತೆಗೆಯಿರಿ. ಪ್ರಿಂಟ್ ಕೊಡುತ್ತೇನೆ ಅಂದಿದ್ದರೆ ತಪ್ಪದೆ ತಲುಪಿಸಿ.

ಹಂತ 3: ಬಣ್ಣ ಹೋದ ಮೇಲೆ ಏನು ಉಳಿಯುತ್ತದೆ?

ಹಸಿರು ಎಲೆ, ನಡುವೆ ಕೆಂಪು ಕಾಫಿ ಹಣ್ಣು. ಕಣ್ಣಿಗೆ ಇದಕ್ಕಿಂತ ಚೆಂದದ ನೋಟ ಇಲ್ಲ, ಅಲ್ವಾ? ಕಪ್ಪು-ಬಿಳುಪಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದಿ ಆಗುತ್ತವೆ. ಹಣ್ಣು ಎಲ್ಲಿದೆ ಅಂತ ಹುಡುಕಬೇಕು. ಇದಕ್ಕೆ ಮದ್ದು ಲೆನ್ಸಿನ ಮುಂದೆ ಹಾಕುವ ಬಣ್ಣದ ಗಾಜು, ಅಂದರೆ ಫಿಲ್ಟರ್. ನಿಯಮ ಸರಳ: ಫಿಲ್ಟರ್ ತನ್ನದೇ ಬಣ್ಣವನ್ನು ತಿಳಿ ಮಾಡುತ್ತದೆ, ಎದುರು ಬಣ್ಣವನ್ನು ಗಾಢ ಮಾಡುತ್ತದೆ. ಕಿತ್ತಳೆ ಅಥವಾ ಕೆಂಪು ಫಿಲ್ಟರ್ ಹಾಕಿದರೆ ಹಣ್ಣು ತಿಳಿಯಾಗಿ, ಎಲೆ ಗಾಢವಾಗಿ ಬರುತ್ತದೆ. ಹಸಿರು ಫಿಲ್ಟರ್ ಹಾಕಿದರೆ ಎಲೆ ತಿಳಿ, ಹಣ್ಣು ಕಪ್ಪು. ಕೊಡವ ಹಬ್ಬಗಳಲ್ಲಿ ಕಪ್ಪು ಕುಪ್ಯದ (ನಿಲುವಂಗಿಯ) ಮೇಲೆ ಸೊಂಟಕ್ಕೆ ಕಟ್ಟುವ ಕೆಂಪು ಚೇಲೆಗೂ ಇದೇ ಸೂತ್ರ. ಫಿಲ್ಟರ್ ಇಲ್ಲದೆ ತೆಗೆದರೆ ಚೇಲೆ ಕುಪ್ಯದೊಳಗೆ ಮುಳುಗಿಹೋಗಬಹುದು. ಕಿತ್ತಳೆ ಫಿಲ್ಟರ್ ಅದನ್ನು ಮೇಲೆತ್ತುತ್ತದೆ.

ಫಿಲ್ಟರ್ ಬೆಳಕನ್ನು ತಿನ್ನುತ್ತದೆ. ಹಳದಿಗೆ ಸುಮಾರು 1 ಸ್ಟಾಪ್, ಕಿತ್ತಳೆಗೆ 2, ಗಾಢ ಕೆಂಪಿಗೆ 3. ಲೆನ್ಸಿನ ಒಳಗಿಂದ ಅಳೆಯುವ ಮೀಟರ್ ಇದ್ದರೆ ಹೆಚ್ಚಿನ ಪಾಲು ಅದೇ ಸರಿದೂಗಿಸುತ್ತದೆ. ಇಲ್ಲದಿದ್ದರೆ ನೀವೇ ಸೇರಿಸಬೇಕು. ತೋಟದ ನೆರಳಿನಲ್ಲಿ 2 ಸ್ಟಾಪ್ ಕಳೆದುಕೊಂಡರೆ ಕೈಯಲ್ಲಿ ಹಿಡಿದು ತೆಗೆಯುವುದು ಕಷ್ಟ, ಟ್ರೈಪಾಡ್ ಬೇಕು.

ಬೆಟ್ಟದ ನೋಟಕ್ಕೆ ಕೆಂಪು ಫಿಲ್ಟರ್ ಹಾಕಿ ಅಂತ ಎಲ್ಲೆಡೆ ಬರೆದಿರುತ್ತಾರೆ. ಕೊಡಗಿನಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಒಂದರ ಹಿಂದೆ ಒಂದು ಬೆಟ್ಟ ತೆಳುವಾಗುತ್ತಾ ಹೋಗುವುದೇ ಇಲ್ಲಿನ ಚೆಲುವು. ಅದನ್ನು ಮಾಡುವುದು ದೂರದ ನೀಲಿ ಮಬ್ಬು. ಕೆಂಪು ಫಿಲ್ಟರ್ ಆ ಮಬ್ಬನ್ನೇ ಕತ್ತರಿಸಿ ಸಾಲುಗಳನ್ನು ಅಂಟಿಸಿಬಿಡುತ್ತದೆ. ದಟ್ಟ ಬಿಳಿ ಮಂಜಿನ ಮಾತು ಬೇರೆ. ಅದು ನೀರಿನ ಹನಿಗಳದ್ದು, ಯಾವ ಫಿಲ್ಟರಿಗೂ ಜಗ್ಗುವುದಿಲ್ಲ. ಆಗ ಫಿಲ್ಟರ್ ತೆಗೆದಿಟ್ಟುಬಿಡಿ.

ಅಬ್ಬಿ ಜಲಪಾತದ ನೀರು ನೂಲಿನಂತೆ ಬರಲಿ ಅಂತ ಶಟರನ್ನು ಸೆಕೆಂಡುಗಟ್ಟಲೆ ತೆರೆದಿಡುವವರಿಗೆ ಒಂದು ಮಾತು. ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತಾದರೆ ಫಿಲ್ಮ್ ಬೆಳಕಿಗೆ ಮಂದವಾಗುತ್ತದೆ. ಎಚ್‌ಪಿ5ಗೆ ಮೀಟರ್ 4 ಸೆಕೆಂಡ್ ಅಂದರೆ ಸುಮಾರು 6 ಕೊಡಿ, 10 ಅಂದರೆ ಸುಮಾರು 20.

ರಾತ್ರಿಯ ಚಿತ್ರಗಳಿಗೆ, ಹುತ್ತರಿಯಲ್ಲಿ ಗದ್ದೆಗೆ ಹೋಗಿ ಕದಿರು ತೆಗೆಯುವಾಗ, ಮಡಿಕೇರಿ ದಸರೆಯ ದಶಮಂಟಪಗಳ ಮುಂದೆ, 400 ಸಾಲದು. ಡಯಲನ್ನು 1600ಕ್ಕೆ ಇಟ್ಟು ತೆಗೆದು, ತೊಳೆಯುವಾಗ ಹೆಚ್ಚು ಹೊತ್ತು ತೊಳೆಯಬಹುದು. ಇದಕ್ಕೆ ಪುಶ್ ಮಾಡುವುದು ಅನ್ನುತ್ತಾರೆ. ಇಡೀ ರೀಲು 1600ರಲ್ಲೇ ಇರಬೇಕು, ನಡುವೆ ಬದಲಾಯಿಸುವಂತಿಲ್ಲ. ಕಪ್ಪು ಭಾಗಗಳಲ್ಲಿ ವಿವರ ಕಮ್ಮಿಯಾಗುತ್ತದೆ, ಕಾಳುಕಾಳು ಜಾಸ್ತಿ ಕಾಣುತ್ತದೆ. ರಾತ್ರಿಯ ಚಿತ್ರಕ್ಕೆ ಅದು ಒಪ್ಪುತ್ತದೆ.

ಹಂತ 4: ರೀಲು ಮುಗಿದ ಮೇಲೆ

ಕ್ಯಾಮೆರಾದ ಅಡಿಯ ಚಿಕ್ಕ ಗುಂಡಿ ಒತ್ತಿ, ಬಾಣದ ದಿಕ್ಕಿಗೆ ಸುತ್ತಿ. ಬಿಗಿ ಸಡಿಲವಾದ ಮೇಲಷ್ಟೇ ಬಾಗಿಲು ತೆರೆಯಿರಿ. ಡಬ್ಬದ ಮೇಲೆ ತಾರೀಕು ಮತ್ತು ಯಾವ ಐಎಸ್‌ಒ ಅಂತ ಪೆನ್ನಿನಲ್ಲಿ ಬರೆಯಿರಿ.

ಅರ್ಧ ರೀಲನ್ನು ಕ್ಯಾಮೆರಾದಲ್ಲಿಟ್ಟು ಮಳೆಗಾಲ ಕಳೆಯಬೇಡಿ. ತೇವಕ್ಕೆ ಫಿಲ್ಮಿನ ಜೆಲಟಿನ್ ಪದರ ಊದುತ್ತದೆ, ಮಚ್ಚೆ ಬೀಳುತ್ತದೆ, ತೆಗೆದ ಚಿತ್ರವೂ ಮೆಲ್ಲಗೆ ಮಸುಕಾಗುತ್ತದೆ. ಮೇ ಕೊನೆಯೊಳಗೆ ಮುಗಿಸಿ ತೊಳೆಸಿಬಿಡಿ.

ಮನೆಯಲ್ಲಿ ತೊಳೆಯದಿದ್ದರೆ ದೊಡ್ಡ ಊರಿನ ಲ್ಯಾಬಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದು. ರೀಲನ್ನು ಅದರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮೇಲೆ ಜಿಪ್ ಕವರ್ ಸುತ್ತಿ. ಕಳಿಸುವ ಮೊದಲೇ ಲ್ಯಾಬಿನವರನ್ನು ಕೇಳಿ: ಕಪ್ಪು-ಬಿಳುಪಿನ ರಾಸಾಯನಿಕದಲ್ಲೇ ತೊಳೆಯುತ್ತೀರಾ, ನೆಗೆಟಿವ್ ವಾಪಸ್ ಕೊಡುತ್ತೀರಾ, ಸ್ಕ್ಯಾನ್ ಎಷ್ಟು ದೊಡ್ಡದು? ನೆಗೆಟಿವ್ ವಾಪಸ್ ಬೇಕೇ ಬೇಕು. ವಿಮಾನದಲ್ಲಿ ಹೋಗುವಾಗ ರೀಲನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಕೈಯಲ್ಲಿಟ್ಟುಕೊಂಡು, ಕೈಯಲ್ಲೇ ಪರೀಕ್ಷಿಸಿ ಅಂತ ವಿನಂತಿಸಿ. ವಿಮಾನ ನಿಲ್ದಾಣದ ಹೊಸ ಸಿಟಿ (CT) ಎಕ್ಸ್-ರೇ ಸ್ಕ್ಯಾನರ್‌ಗಳು ಫಿಲ್ಮನ್ನು ಮಬ್ಬು ಮಾಡುತ್ತವೆ.

ಹಂತ 5: ಮನೆಯಲ್ಲಿ ತೊಳೆಯುವುದು

ಕತ್ತಲೆ ಕೋಣೆ ಬೇಕಿಲ್ಲ. ಬೇಕಾದದ್ದು ತೋಳು ತೂರಿಸುವ ಕಪ್ಪು ಚೇಂಜಿಂಗ್ ಬ್ಯಾಗ್, ಸುರುಳಿ ಇರುವ ಡೆವಲಪಿಂಗ್ ಟ್ಯಾಂಕ್, ಥರ್ಮಾಮೀಟರ್, ಅಳತೆಯ ಜಾಡಿ, ಕತ್ತರಿ, ಎರಡು ಕ್ಲಿಪ್. ರಾಸಾಯನಿಕ ಮೂರು. ಡೆವಲಪರ್ ಚಿತ್ರವನ್ನು ಮೂಡಿಸುತ್ತದೆ, ಫಿಕ್ಸರ್ ಅದನ್ನು ಉಳಿಸುತ್ತದೆ, ವೆಟಿಂಗ್ ಏಜೆಂಟ್ ಒಣಗುವಾಗ ನೀರಿನ ಕಲೆ ತಡೆಯುತ್ತದೆ. ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ, ಇದಕ್ಕೆ ಬಳಸಿದ ಪಾತ್ರೆಯನ್ನು ಅಡುಗೆಮನೆಗೆ ಮತ್ತೆ ಒಯ್ಯಬೇಡಿ.

ಹಾಳಾದ ರೀಲೊಂದನ್ನು ಬೆಳಕಿನಲ್ಲೇ ಸುರುಳಿಗೆ ಹಾಕಿ ಅಭ್ಯಾಸ ಮಾಡಿ. ಆಮೇಲೆ ಕಣ್ಣು ಮುಚ್ಚಿ ಮಾಡಿ. ಆಮೇಲೆ ಬ್ಯಾಗಿನೊಳಗೆ. ಪ್ಲಾಸ್ಟಿಕ್ ಸುರುಳಿ ಪೂರ್ತಿ ಒಣಗಿರಬೇಕು. ಒಂದು ಹನಿ ತೇವ ಇದ್ದರೂ ಫಿಲ್ಮ್ ನಡುವೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಕೈ ಬೆವರುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಎಳೆದಾಡಬೇಡಿ. ಫಿಲ್ಮ್, ಸುರುಳಿ ಎರಡನ್ನೂ ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿ ಮಾಡಿ, ಕೈ ಹೊರಗೆ ತೆಗೆದು ಒರೆಸಿಕೊಂಡು ಸಮಾಧಾನವಾಗಿ ಮತ್ತೆ ಶುರು ಮಾಡಿ.

ಈಗ ಅಳತೆ. ಇಲ್ಫರ್ಡ್ ಐಡಿ-11 ಅನ್ನುವ ಡೆವಲಪರ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಂತೆ ಕರಗಿಸಿ ಬಾಟಲಿಯಲ್ಲಿಡಿ. ಇದು ಸ್ಟಾಕ್, ಅಂದರೆ ಮೂಲ ದ್ರಾವಣ. ಬಾಟಲಿ ಪೂರ್ತಿ ತುಂಬಿ ಬಿಗಿಯಾಗಿ ಮುಚ್ಚಿದ್ದರೆ 6 ತಿಂಗಳು ಇರುತ್ತದೆ. 35 ಎಂಎಂನ ಒಂದು ರೀಲಿಗೆ 150 ಮಿಲಿ ಸ್ಟಾಕ್, 150 ಮಿಲಿ ನೀರು. ಇದನ್ನೇ 1+1 ಅನ್ನುವುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಚ್‌ಪಿ5ಗೆ 13 ನಿಮಿಷ. 1600ಕ್ಕೆ ಪುಶ್ ಮಾಡಿದ್ದರೆ ನೀರು ಸೇರಿಸದ ಸ್ಟಾಕ್‌ನಲ್ಲೇ 14 ನಿಮಿಷ. ಬೇರೆ ರೀಲಾದರೆ ಬೇರೆ ಹೊತ್ತು. ತಯಾರಕರ ಪಟ್ಟಿ ನೋಡಿಯೇ ಮಾಡಿ.

20 ಡಿಗ್ರಿ ವಿಷಯದಲ್ಲಿ ನಾವು ಪುಣ್ಯವಂತರು. ಬಯಲುಸೀಮೆಯವರು ಬೇಸಿಗೆಯಲ್ಲಿ ಐಸ್ ಹಾಕಿ ನೀರು ತಣಿಸಬೇಕು. ಮಡಿಕೇರಿಯಲ್ಲಿ ನಲ್ಲಿ ನೀರೇ ವರ್ಷದ ಬಹುಪಾಲು 20ರ ಆಸುಪಾಸು ಇರುತ್ತದೆ. ಚಳಿಗಾಲದ ಬೆಳಗ್ಗೆ ಕಮ್ಮಿ ಇದ್ದರೆ ಬಾಟಲಿಗಳನ್ನು ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿಸಿ. ಒಂದೆರಡು ಡಿಗ್ರಿ ಜಾಸ್ತಿ ಇದ್ದರೆ ಡಿಗ್ರಿಗೆ ಸುಮಾರು ಶೇ 8ರಿಂದ 10ರಷ್ಟು ಹೊತ್ತು ಕಡಿಮೆ ಮಾಡಿ.

ಡೆವಲಪರ್ ಸುರಿದು ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು 4 ಸಲ ತಲೆಕೆಳಗು ಮಾಡಿ. ಮೆಲ್ಲಗೆ ತಟ್ಟಿ, ಗಾಳಿಗುಳ್ಳೆ ಹೋಗಲಿ. ಆಮೇಲೆ ಪ್ರತಿ ನಿಮಿಷದ ಶುರುವಿನಲ್ಲಿ 4 ಸಲ. ಜೋರಾಗಿ ಕುಲುಕಬೇಡಿ. ಹೊತ್ತಾದ ಮೇಲೆ ಡೆವಲಪರ್ ಚೆಲ್ಲಿ, ನೀರು ತುಂಬಿಸಿ ಒಂದೆರಡು ಸಲ ಬದಲಾಯಿಸಿ. ಬಳಿಕ ರ‍್ಯಾಪಿಡ್ ಫಿಕ್ಸರ್, 60 ಮಿಲಿಗೆ 240 ಮಿಲಿ ನೀರು, 5 ನಿಮಿಷ. ಫಿಕ್ಸರಿಗೆ ಜೀವ ಇದೆಯೋ ನೋಡಲು ಮೊದಲೇ ಕತ್ತರಿಸಿಟ್ಟ ಫಿಲ್ಮಿನ ನಾಲಿಗೆಯನ್ನು ಅದರಲ್ಲಿ ಅದ್ದಿ. ಅದು ಪಾರದರ್ಶಕವಾಗಲು ಎಷ್ಟು ಹೊತ್ತಾಯಿತೋ ಅದರ ಎರಡರಷ್ಟು ಹೊತ್ತು ರೀಲಿಗೆ ಬೇಕು. ಫಿಕ್ಸರನ್ನು ಚೆಲ್ಲಬೇಡಿ, ಬಾಟಲಿಗೆ ವಾಪಸ್ ಸುರಿಯಿರಿ, ಮತ್ತೆ ಬಳಸಬಹುದು.

ಕೊನೆಗೆ ಫಿಕ್ಸರ್ ಹೋಗುವಂತೆ ನೀರಿನಲ್ಲಿ ತೊಳೆಯಲು ನಲ್ಲಿ ಬಿಟ್ಟಿರಬೇಕಿಲ್ಲ. ನೀರು ತುಂಬಿ 5 ಸಲ ತಲೆಕೆಳಗು, ಚೆಲ್ಲಿ. ಹೊಸ ನೀರಿಗೆ 10 ಸಲ. ಇನ್ನೊಮ್ಮೆ 20 ಸಲ. ಮಳೆಗಾಲದಲ್ಲಿ ನಲ್ಲಿಯಲ್ಲಿ ಕೆಸರು ನೀರು ಬಂದರೆ ಸೋಸಿಯೇ ಬಳಸಿ. ಕೊನೆಯ ಮುಳುಗು ಮಾತ್ರ ಡಿಸ್ಟಿಲ್ಡ್ ವಾಟರಿನಲ್ಲಿ. ಬ್ಯಾಟರಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದಕ್ಕೆ ವೆಟಿಂಗ್ ಏಜೆಂಟ್ ಕೆಲವೇ ಹನಿ.

ಒಣಗಿಸುವುದಕ್ಕೆ ಬಾತ್‌ರೂಮೇ ಒಳ್ಳೆಯ ಜಾಗ. ಅಲ್ಲಿ ಧೂಳು ಕಮ್ಮಿ. ಕೆಳಗಿನ ತುದಿಗೆ ಭಾರದ ಕ್ಲಿಪ್ ಹಾಕಿ ನೇತುಹಾಕಿ ಬಾಗಿಲು ಮುಚ್ಚಿ. ಜುಲೈನಲ್ಲಾದರೆ ಅರ್ಧ ದಿನ ಬೇಕಾಗಬಹುದು. ಬಟ್ಟೆ ಒಣಗಿಸುವ ಹಾಗೆ ಒಲೆಯ ಮೇಲೆ ಕಟ್ಟಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಹೊಗೆಯ ಕಣ, ಧೂಳು ಒದ್ದೆ ಜೆಲಟಿನ್‌ಗೆ ಅಂಟಿದರೆ ಮತ್ತೆ ಹೋಗುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಪಾಲಿಸಿ. ಬಳಸಿ ಮುಗಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತದೆ. ಅದು ನೀರಿನ ಜೀವಿಗಳಿಗೆ ವಿಷ. ತೋಡಿಗೆ, ಕೆರೆಗೆ, ತೋಟದ ಚರಂಡಿಗೆ ಚೆಲ್ಲಬೇಡಿ. ನಮ್ಮ ತೋಡುಗಳ ನೀರು ಹೋಗಿ ಸೇರುವುದು ಬಹುಪಾಲು ಕಾವೇರಿಗೇ. ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ತೆಗೆಯುವವರಿಗೋ ಅಂಥ ವ್ಯವಸ್ಥೆ ಇರುವ ಲ್ಯಾಬಿಗೋ ತಲುಪಿಸಿ.

ಹಂತ 6: ಸ್ಕ್ಯಾನ್ ಮಾಡುವ ಮೊದಲು ನೆಗೆಟಿವ್ ನೋಡಿ

ಕಿಟಕಿಗೆ ಹಿಡಿದು ಅಂಚಿನ ಅಕ್ಷರ, ಸಂಖ್ಯೆಗಳನ್ನು ನೋಡಿ. ಅವು ಕಪ್ಪಗೆ ಸ್ಪಷ್ಟವಾಗಿದ್ದರೆ ತೊಳೆದದ್ದು ಸರಿಯಾಗಿದೆ. ಅಕ್ಷರ ಸ್ಪಷ್ಟ, ಆದರೆ ಚಿತ್ರ ತೆಳು ಅಂದರೆ ಕ್ಯಾಮೆರಾದಲ್ಲಿ ಬೆಳಕು ಕಮ್ಮಿಯಾಗಿದೆ. ಅಕ್ಷರವೂ ಚಿತ್ರವೂ ಎರಡೂ ಮಸುಕು ಅಂದರೆ ಡೆವಲಪರ್ ಹಳತು, ತಣ್ಣಗಿತ್ತು ಅಥವಾ ಹೊತ್ತು ಸಾಲಲಿಲ್ಲ. ಫಿಲ್ಮ್ ಹಾಲಿನಂತೆ ಮಬ್ಬಾಗಿದ್ದರೆ ಫಿಕ್ಸ್ ಆಗಿಲ್ಲ, ಹೊಸ ಫಿಕ್ಸರಿನಲ್ಲಿ ಮತ್ತೆ ಹಾಕಿ ತೊಳೆಯಬಹುದು. ಈ ಒಂದು ನಿಮಿಷದ ನೋಟದಿಂದ ಮುಂದಿನ ರೀಲಿಗೆ ಏನು ಬದಲಾಯಿಸಬೇಕು ಅನ್ನುವುದು ಗೊತ್ತಾಗುತ್ತದೆ.

ಹಂತ 7: ಸ್ಕ್ಯಾನ್

ದಾರಿ ಎರಡು. ಒಂದು, ಫಿಲ್ಮಿಗೆ ಹಿಂದಿನಿಂದ ಬೆಳಕು ಬಿಡುವ ಸ್ಕ್ಯಾನರ್. ಎಪ್ಸನ್ ವಿ600 ಥರದ ಫ್ಲ್ಯಾಟ್‌ಬೆಡ್, ಇಲ್ಲವೇ ಪ್ಲಸ್ಟೆಕ್ ಥರದ ಬರೀ 35 ಎಂಎಂನದು. ಆಫೀಸಿನ ಸಾಮಾನ್ಯ ಸ್ಕ್ಯಾನರಿನಲ್ಲಿ ಆಗುವುದಿಲ್ಲ. ಇನ್ನೊಂದು, ಡಿಜಿಟಲ್ ಕ್ಯಾಮೆರಾದಿಂದ ನೆಗೆಟಿವ್‌ನ ಫೋಟೊ ತೆಗೆಯುವುದು. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಇದ್ದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ 35 ಎಂಎಂ ಫ್ರೇಮಿನಿಂದ ಸುಮಾರು 4200 ಡಿಪಿಐಗೆ ಸಮನಾದ ಫೈಲ್ ಕೊಡುತ್ತದೆ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಅನ್ನುವ ಲೆಕ್ಕ. ಇಡೀ ರೀಲು ಕೂತ ಜಾಗದಲ್ಲೇ ಮುಗಿಯುತ್ತದೆ.

ಫ್ಲ್ಯಾಟ್‌ಬೆಡ್ ಇದ್ದರೆ ಹೀಗೆ ಮಾಡಿ. ಫಿಲ್ಮಿನ ಹೊಳೆಯುವ ಬದಿ ಕೆಳಗೆ ಬರುವಂತೆ ಹೋಲ್ಡರಿನಲ್ಲಿ ಕೂರಿಸಿ. ಫಿಲ್ಮ್ ನೇರ ಗಾಜಿಗೆ ತಾಗಿದರೆ ನ್ಯೂಟನ್ ರಿಂಗ್ ಅನ್ನುವ ಬಳೆಬಳೆಯ ಗುರುತು ಬೀಳುತ್ತದೆ. 16 ಬಿಟ್ ಗ್ರೇಸ್ಕೇಲ್, ಟಿಫ್ ಫೈಲ್ ಆರಿಸಿ. ಪೆಟ್ಟಿಗೆಯ ಮೇಲೆ 6400 ಅಂತ ಇದ್ದರೂ ನಿಜವಾಗಿ ಸಿಗುವ ವಿವರ ಅದಕ್ಕಿಂತ ತುಂಬಾ ಕಮ್ಮಿ. 2400 ಡಿಪಿಐ ಇಟ್ಟರೆ ಸುಮಾರು 11 x 7 ಇಂಚಿನ ಪ್ರಿಂಟಿಗೆ ಸಾಕು, 3200 ಮೀರಿದರೆ ಫೈಲ್ ಮಾತ್ರ ದಪ್ಪವಾಗುತ್ತದೆ. ಶಾರ್ಪನಿಂಗ್ ಆಫ್ ಇರಲಿ.

ಡಿಜಿಟಲ್ ಐಸ್ ಅನ್ನುವ ಧೂಳು ತೆಗೆಯುವ ಆಯ್ಕೆಯನ್ನೂ ಖಂಡಿತ ಆಫ್ ಮಾಡಿ. ಅದು ಇನ್‌ಫ್ರಾರೆಡ್ ಕಿರಣದಿಂದ ಧೂಳು ಹುಡುಕುತ್ತದೆ. ಕಪ್ಪು-ಬಿಳುಪು ಫಿಲ್ಮಿನ ಚಿತ್ರ ಬೆಳ್ಳಿಯದ್ದು, ಬೆಳ್ಳಿ ಆ ಕಿರಣವನ್ನು ತಡೆಯುತ್ತದೆ. ಹಾಗಾಗಿ ಸ್ಕ್ಯಾನರ್ ಚಿತ್ರವನ್ನೇ ಧೂಳು ಅಂದುಕೊಂಡು ಅಳಿಸಲು ಹೋಗುತ್ತದೆ. ಎಕ್ಸ್‌ಪಿ2ನಲ್ಲಿ ಬೆಳ್ಳಿ ಉಳಿಯುವುದಿಲ್ಲ, ಅದಕ್ಕೆ ಮಾತ್ರ ಇದು ಸರಿ.

ಕ್ಯಾಮೆರಾದಲ್ಲಿ ಮಾಡುವುದಾದರೆ ಎಲ್‌ಇಡಿ ಲೈಟ್ ಪ್ಯಾಡ್, ಫಿಲ್ಮ್ ಹೋಲ್ಡರ್, ಕ್ಯಾಮೆರಾ ಕೆಳಮುಖವಾಗಿ ನಿಲ್ಲುವ ಸ್ಟ್ಯಾಂಡ್ ಬೇಕು. ಕಪ್ಪು-ಬಿಳುಪಿಗೆ ದುಬಾರಿ ಲೈಟ್ ಬೇಡ, ಎಲ್ಲ ಕಡೆ ಸಮವಾಗಿ ಹೊಳೆದರೆ ಸಾಕು. ಫಿಲ್ಮನ್ನು ಪ್ಯಾಡಿಗಿಂತ 2-3 ಸೆಂ.ಮೀ. ಮೇಲೆ ಇಡಿ, ಇಲ್ಲದಿದ್ದರೆ ಪ್ಯಾಡಿನ ಧೂಳೂ ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ. ಕ್ಯಾಮೆರಾ ನೇರವಾಗಿದೆಯೋ ನೋಡಲು ಫಿಲ್ಮಿನ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಲೆನ್ಸ್ ತನ್ನನ್ನು ತಾನೇ ಸರಿಯಾಗಿ ನಡುವೆ ಕಂಡರೆ ಸರಿಯಿದೆ. ಫ್ರೇಮಿನ ಸುತ್ತ ಕಾಣುವ ಪ್ಯಾಡನ್ನು ಕಪ್ಪು ಕಾಗದದಿಂದ ಮುಚ್ಚಿ, ಕೋಣೆಯ ದೀಪ ಆರಿಸಿ. ಐಎಸ್‌ಒ 100, ಎಫ್ 8, ರಾ ಫೈಲ್, 2 ಸೆಕೆಂಡ್ ಟೈಮರ್. ಕಾಳು ಕಾಣುವಷ್ಟು ಹಿಗ್ಗಿಸಿ ಕೈಯಿಂದಲೇ ಫೋಕಸ್ ಮಾಡಿ. ಮಂಕಾದ ಬದಿ ಲೆನ್ಸಿನ ಕಡೆ ಇರಲಿ, ಆಮೇಲೆ ಕಂಪ್ಯೂಟರಿನಲ್ಲಿ ಎಡ-ಬಲ ತಿರುಗಿಸಿ.

ಧೂಳಿಗೆ ರಬ್ಬರ್ ಬ್ಲೋವರ್ ಸಾಕು, ಬಾಯಿಂದ ಊದಬೇಡಿ. ಮಳೆಗಾಲ ಮಾಡುವ ಒಂದು ಉಪಕಾರ ಇಲ್ಲಿದೆ: ಹವೆಯಲ್ಲಿ ತೇವ ಇದ್ದರೆ ಸ್ಟ್ಯಾಟಿಕ್ ಕಮ್ಮಿ, ಫಿಲ್ಮಿಗೆ ಧೂಳು ಅಂಟುವುದೂ ಕಮ್ಮಿ.

ಇನ್ನು ಆ ಬೂದಿ ಬಣ್ಣದ ಪ್ರಶ್ನೆ. ಒಳ್ಳೆಯ ಸ್ಕ್ಯಾನ್ ಮೊದಲು ಬೂದಿಯಾಗಿಯೇ ಬರಬೇಕು. ಕಪ್ಪು, ಬಿಳಿ ಎರಡೂ ತುದಿಯ ವಿವರ ಉಳಿದಿದೆ ಅಂತ ಅದರ ಅರ್ಥ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ತೆರೆದು, ನೆಗೆಟಿವ್ ಆಗಿದ್ದರೆ ಇನ್ವರ್ಟ್ ಮಾಡಿ, ಲೆವೆಲ್ಸ್ ತೆರೆಯಿರಿ. ಅಲ್ಲಿ ಗುಡ್ಡದಂತೆ ಕಾಣುವುದು ಹಿಸ್ಟೋಗ್ರಾಂ, ಯಾವ ಛಾಯೆ ಎಷ್ಟಿದೆ ಅನ್ನುವ ನಕ್ಷೆ. ಎಡಗಡೆಯ ಕಪ್ಪು ತ್ರಿಕೋನವನ್ನು ಗುಡ್ಡದ ಬುಡದವರೆಗೆ, ಬಲಗಡೆಯ ಬಿಳಿಯದನ್ನು ಇನ್ನೊಂದು ಬುಡದವರೆಗೆ ತನ್ನಿ. ನಡುವಿನದನ್ನು ಕಣ್ಣಿಗೆ ಹಿತವಾಗುವಷ್ಟು ಸರಿಸಿ. ಬೂದಿ ಅಲ್ಲೇ ಹೋಗುತ್ತದೆ.

ಮಂಜಿನ ಚಿತ್ರಕ್ಕೆ ಮಾತ್ರ ಹೀಗೆ ಮಾಡಬೇಡಿ. ಮಂಜಿನಲ್ಲಿ ನಿಜವಾದ ಕಪ್ಪು ಇರುವುದೇ ಇಲ್ಲ. ಕಪ್ಪು ತ್ರಿಕೋನವನ್ನು ಬುಡದವರೆಗೆ ತಂದರೆ ತೆಳುವಾದ ಮರಗಳು ಇದ್ದಿಲಾಗುತ್ತವೆ, ಮಂಜು ಹರಿದುಹೋಗುತ್ತದೆ. ಎಡಗಡೆ ಜಾಗ ಬಿಟ್ಟೇ ನಿಲ್ಲಿಸಿ. ಆಟೊ ಬಟನ್ ಒತ್ತುವವರ ಮಂಜಿನ ಚಿತ್ರಗಳು ಕೆಡುವುದು ಇದಕ್ಕೇ.

ಹಳೆ ನೆಗೆಟಿವ್ ಸಿಕ್ಕಿದವರಿಗೆ

ಅಟ್ಟದ ಪೆಟ್ಟಿಗೆಯ ನೆಗೆಟಿವ್‌ಗಳ ಅಂಚಿನಲ್ಲಿ "ಇಂದು" ಅಂತ ಇದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನದು. 1960ರಲ್ಲಿ ಸ್ಥಾಪನೆಯಾದ ಆ ಸರ್ಕಾರಿ ಕಾರ್ಖಾನೆ ಈಗ ಇಲ್ಲ. ಪೆಟ್ಟಿಗೆ ತೆರೆದಾಗ ವಿನಿಗರ್ ವಾಸನೆ ಬಂದರೆ ಫಿಲ್ಮಿನ ಪ್ಲಾಸ್ಟಿಕ್ಕೇ ಕೊಳೆಯಲು ಶುರುವಾಗಿದೆ. ಅಂಥವನ್ನು ಬೇರೆ ಇಟ್ಟು, ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ. ಫಂಗಸ್ ಹಿಡಿದ ನೆಗೆಟಿವ್ ಅನ್ನು ನೀರಿನಲ್ಲಿ ತೊಳೆಯಲೇಬೇಡಿ. ಫಂಗಸ್ ತಿಂದ ಜೆಲಟಿನ್ ನೀರಿನಲ್ಲಿ ಕರಗುತ್ತದೆ, ಚಿತ್ರವೂ ಅದರ ಜೊತೆ ಹೋಗುತ್ತದೆ. ಇದ್ದ ಹಾಗೇ ಸ್ಕ್ಯಾನ್ ಮಾಡಿ, ಕಲೆಯನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿ. ಮನೆಯ ಹಿರಿಯರು ಇರುವಾಗಲೇ ಕೂತು, ಚಿತ್ರದಲ್ಲಿರುವವರು ಯಾರು, ಯಾವ ಮನೆತನ ಅಂತ ಕೇಳಿ ಬರೆದುಕೊಳ್ಳಿ. ಸ್ಕ್ಯಾನ್ ಮುಂದಿನ ವರ್ಷವೂ ಮಾಡಬಹುದು, ಇದನ್ನು ಮುಂದೂಡಬೇಡಿ.

ಹಂತ 8: ಎತ್ತಿಡುವುದು

ನೆಗೆಟಿವ್‌ಗಳನ್ನು 6 ಫ್ರೇಮಿಗೊಂದು ತುಂಡು ಮಾಡಿ ಪಾಲಿಪ್ರೊಪಿಲೀನ್ ಹಾಳೆಗಳಲ್ಲಿ ಹಾಕಿ. ಪಿವಿಸಿ ಕವರ್ ಬೇಡ, ಅದು ವರ್ಷ ಕಳೆದಂತೆ ಫಿಲ್ಮಿಗೆ ಅಂಟುತ್ತದೆ. ಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ, ಮಳೆಗಾಲದಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮೀಟರ್. ಮುಳ್ಳು ಶೇ 40ರಿಂದ 50ರ ನಡುವೆ ಇರಲಿ. ಜೆಲ್‌ನ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಕ್ಯಾಮೆರಾ, ಲೆನ್ಸಿಗೂ ಅದೇ ಡಬ್ಬ, ಚರ್ಮದ ಕೇಸ್ ಮಾತ್ರ ಹೊರಗೆ. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ. ಬೇಡ, ಅಕ್ಕಿ ಹಿಟ್ಟಿನ ಪುಡಿ ಲೆನ್ಸಿನೊಳಗೆ ಹೋಗುತ್ತದೆ.

ಪ್ರತಿ ಹಾಳೆಯ ಮೇಲೆ ವರ್ಷ, ತಿಂಗಳು, ಊರು, ರೀಲಿನ ಹೆಸರು ಬರೆದು, ಸ್ಕ್ಯಾನ್ ಫೋಲ್ಡರಿಗೂ ಅದೇ ಹೆಸರು ಕೊಡಿ. ಫೋಲ್ಡರಿನ ಒಂದು ನಕಲು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ.